ಪ್ರವಾಸೋದ್ಯಮ ಡಿಗ್ರಿ ಓದಬೇಕೆ? ಮಂಗಳೂರು, ಉಡುಪಿಯ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಪ್ರವಾಸೋದ್ಯಮ ಓದಿದರೆ ಊರೂರು ಸುತ್ತುವ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಸುತ್ತುವವರು ಗಿರಾಕಿಗಳು. ಅವರ ಬಸ್ಸು, ರೂಮು, ಊಟ, ಟಿಕೆಟ್, ಸಮಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಹೊಂದಿಸಿ, ಕೊನೆಗೆ ನಾಲ್ಕು ಕಾಸು ಉಳಿಯುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಲೆಕ್ಕ ಕಂಡರೆ ದೂರ ಓಡುವವರಿಗೆ ಈ ಡಿಗ್ರಿ ಆಗಿಬರುವುದಿಲ್ಲ. ಜನರ ಜೊತೆ ಮಾತಾಡುವುದು ಇಷ್ಟ, ನಕ್ಷೆ ನೋಡುವುದು ಇಷ್ಟ, ಮೂರು ಕೆಲಸ ಒಟ್ಟಿಗೆ ಬಂದರೂ ತಲೆ ಕೆಡುವುದಿಲ್ಲ ಅನ್ನುವವರಿಗೆ ಚೆನ್ನಾಗಿ ಹೊಂದುತ್ತದೆ.

ಟ್ರಾವೆಲ್ ಆಫೀಸಿನಲ್ಲಿ ಕೂತು, ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳನ್ನು ನೋಡುತ್ತಾ ಬರೆದದ್ದು ಇದು. ಹಾಗಾಗಿ ಪ್ರಾಸ್ಪೆಕ್ಟಸ್‌ನಲ್ಲಿ ಇರುವುದನ್ನು ಮತ್ತೆ ಹೇಳುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ಇದ್ದುಕೊಂಡು ಈ ವಿಷಯ ಓದುವವರಿಗೆ ಒಂದು ದೊಡ್ಡ ಅನುಕೂಲ ಇದೆ. ವಿಮಾನ ನಿಲ್ದಾಣ, ಕ್ರೂಸ್ ಹಡಗು ಬರುವ ಬಂದರು, ರೈಲು, ಬೀಚು, ಮಠ, ಬಸದಿ, ಚರ್ಚು, ಘಾಟಿ ಎಲ್ಲವೂ ಸುಮಾರು ಎರಡು ಗಂಟೆಯ ದಾರಿಯೊಳಗೆ ಸಿಗುತ್ತವೆ. ಆದರೂ ಇವನ್ನೆಲ್ಲ ಬಿಟ್ಟು ನೋಟ್ಸ್ ಬಾಯಿಪಾಠ ಮಾಡಿ ಪಾಸಾಗುವವರೇ ಜಾಸ್ತಿ. ಆ ದಾರಿ ಬೇಡ.

ಕೋರ್ಸ್ ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ

ನಮ್ಮ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್, ಟೂರಿಸಂ ಮ್ಯಾನೇಜ್‌ಮೆಂಟ್ ಎರಡೂ ಒಂದೇ ಎಂದು ತಿಳಿದವರು ತುಂಬ ಇದ್ದಾರೆ. ಮಣಿಪಾಲದ ವೆಲ್‌ಕಮ್‌ಗ್ರೂಪ್ ಹೋಟೆಲ್ ಶಾಲೆ 1980ರ ದಶಕದಿಂದಲೇ ಇರುವುದರಿಂದ ‘ಟೂರಿಸಂ’ ಅಂದ ಕೂಡಲೇ ಮನೆಯವರ ಕಣ್ಣಿಗೆ ಬಿಳಿ ಟೊಪ್ಪಿ ಹಾಕಿದ ಶೆಫ್ ಬರುತ್ತಾನೆ. ಹೋಟೆಲ್ ಕೋರ್ಸಿನಲ್ಲಿ ಅಡುಗೆಮನೆ, ಸರ್ವೀಸ್, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ಮುಖ್ಯ. ಟೂರಿಸಂ ಕೋರ್ಸಿನಲ್ಲಿ ಭೂಗೋಳ, ಟಿಕೆಟಿಂಗ್, ಪ್ಯಾಕೇಜ್ ಕಟ್ಟುವುದು, ಮಾರ್ಕೆಟಿಂಗ್, ಒಂದು ತಾಣವನ್ನು ನಿರ್ವಹಿಸುವುದು ಮುಖ್ಯ. ಹೋಟೆಲ್ ಓದಿದವರು ಟ್ರಾವೆಲ್‌ಗೆ ಬರುವುದುಂಟು, ಟೂರಿಸಂ ಓದಿದವರು ಹೋಟೆಲ್ ರಿಸೆಪ್ಷನ್‌ನಲ್ಲಿ ನಿಲ್ಲುವುದೂ ಉಂಟು. ಆದರೆ ಒಗ್ಗರಣೆ ಹಾಕುವುದರಲ್ಲೇ ಖುಷಿ ಇರುವವರು ಟೂರಿಸಂ ಸೇರಿ ಕೊರಗುವುದು ಬೇಡ.

ಡಿಗ್ರಿಯ ಹೆಸರೂ ಒಂದೊಂದು ಕಡೆ ಒಂದೊಂದು ಥರ. ಬಿಬಿಎ ಟೂರಿಸಂ ಅಂಡ್ ಟ್ರಾವೆಲ್, ಟೂರಿಸಂ ಒಂದು ವಿಷಯವಾಗಿರುವ ಬಿಎ, ಬಿಕಾಂನಲ್ಲಿ ಟೂರ್ಸ್ ಅಂಡ್ ಟ್ರಾವೆಲ್, ವೃತ್ತಿ ಶಿಕ್ಷಣದ ಬಿವೋಕ್, ಹೀಗೆ. ಹೆಸರಿಗಿಂತ ಮೂರು ವರ್ಷದ ಪೇಪರುಗಳ ಪಟ್ಟಿ ಮುಖ್ಯ. ಟೂರಿಸಂ ಪೇಪರ್ ಸೆಮಿಸ್ಟರಿಗೆ ಒಂದೇ ಇದ್ದು, ಉಳಿದದ್ದೆಲ್ಲ ಸಾಮಾನ್ಯ ಬಿಬಿಎ ಆಗಿದ್ದರೆ ಅದು ಬಿಬಿಎನೇ. ತಪ್ಪೇನೂ ಇಲ್ಲ, ಗೊತ್ತಿದ್ದು ಸೇರಿದರಾಯಿತು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ ಹೋಗಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕ ಬೇರೆ ಇರಬಹುದು. ಎಷ್ಟು ವರ್ಷ ಎಂದು ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ನೋಡಿ.

ಯಾವುದೋ ಡಿಗ್ರಿ ಮುಗಿಸಿ ಆಮೇಲೆ ಈ ಕಡೆ ಬರುವ ದಾರಿಯೂ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸುಗಳಲ್ಲಿ ಪ್ರವಾಸೋದ್ಯಮದ ಎಂಬಿಎ ಇದೆ. ಬಿಎ ಇತಿಹಾಸ ಅಥವಾ ಬಿಕಾಂ ಮುಗಿಸಿದವರಿಗೆ ಇದು ಒಳ್ಳೆಯ ಆಯ್ಕೆ. ಇತಿಹಾಸದವರಿಗೆ ಕಥೆ ಗೊತ್ತು, ಬಿಕಾಂನವರಿಗೆ ಲೆಕ್ಕ ಗೊತ್ತು, ಇಲ್ಲಿ ಎರಡೂ ಬೇಕು. ಇಂಥ ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ಕಡಿಮೆ ಬಂದ ವರ್ಷ ಬ್ಯಾಚ್ ನಡೆಯದಿರುವುದೂ ಉಂಟು. ಆದ್ದರಿಂದ ಆ ವರ್ಷದ ಅಧಿಸೂಚನೆ ನೋಡಿ, ವಿಭಾಗಕ್ಕೆ ಒಮ್ಮೆ ಫೋನ್ ಮಾಡಿ. ಕೆಲಸ ಮಾಡುತ್ತಾ ಓದುವವರಿಗೆ ಇಗ್ನೋ ಇದೆ. ಅಲ್ಲಿ ಪ್ರವಾಸೋದ್ಯಮದಲ್ಲಿ ಡಿಪ್ಲೊಮಾದಿಂದ ಮಾಸ್ಟರ್ಸ್‌ವರೆಗೆ ಕೋರ್ಸುಗಳಿವೆ. ಪುಸ್ತಕಗಳು ಚೆನ್ನಾಗಿವೆ. ಬೇರೆ ಕಾಲೇಜಿನಲ್ಲಿ ಓದುವವರೂ ಅವನ್ನು ತಂದು ಓದುತ್ತಾರೆ. ಹೊರಗೆ ಹೋಗಲು ತಯಾರಿದ್ದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ 1983ರಲ್ಲಿ ಶುರುವಾದ ಐಐಟಿಟಿಎಂ (ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣೆ ಕಲಿಸುವ) ಸಂಸ್ಥೆ ಇದೆ. ಮುಖ್ಯ ಕೇಂದ್ರ ಗ್ವಾಲಿಯರ್‌ನಲ್ಲಿ. ನಮಗೆ ಹತ್ತಿರದ್ದು ಗೋವಾ ಕೇಂದ್ರ.

ಫೀಸ್ ಕಟ್ಟುವ ಮೊದಲು

ಕಾಲೇಜಿಗೆ ಹೋದಾಗ ಕ್ಯಾಂಪಸ್ ಚಂದ ಇದೆಯಾ ಎಂದು ನೋಡಿ ಬರಬೇಡಿ. ಟೂರಿಸಂ ಕಲಿಸುವ ಮೇಷ್ಟ್ರು ಯಾರು, ಅವರು ಓದಿದ್ದು ಯಾವ ವಿಷಯ ಎಂದು ಕೇಳಿ. ಟಿಕೆಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೈ ಆಡಿಸಲು ಬಿಡುತ್ತಾರಾ, ಅಥವಾ ಬೋರ್ಡಿನ ಮೇಲೆ ಬರೆದು ತೋರಿಸುತ್ತಾರಾ? ಕಳೆದ ಬ್ಯಾಚಿನವರು ಇಂಟರ್ನ್‌ಶಿಪ್ ಎಲ್ಲಿ ಮಾಡಿದರು? ‘ದೊಡ್ಡ ದೊಡ್ಡ ಕಂಪನಿಗಳಲ್ಲಿ’ ಎಂಬ ಉತ್ತರ ಬಂದರೆ ಎರಡು ಹೆಸರು ಹೇಳಿ ಸರ್ ಎಂದು ವಿನಯವಾಗಿ ಕೇಳಿ. ಸ್ಟಡಿ ಟೂರಿನ ಖರ್ಚು ಫೀಸಿನಲ್ಲೇ ಸೇರಿದೆಯಾ, ಬೇರೆ ಕೊಡಬೇಕಾ ಎಂಬುದನ್ನೂ ಕೇಳಿಕೊಳ್ಳಿ. ಇದು ಕಡೆಗೆ ಹೊರೆಯಾಗುವ ಖರ್ಚು.

ಎಲ್ಲಕ್ಕಿಂತ ಒಳ್ಳೆಯ ದಾರಿ ಎಂದರೆ ಮೂರನೇ ವರ್ಷದಲ್ಲಿ ಓದುತ್ತಿರುವ ಒಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳುವುದು. ಪ್ರಾಸ್ಪೆಕ್ಟಸ್ ಹೇಳದ್ದನ್ನೆಲ್ಲ ಒಂದು ಚಹಾ ಹೇಳಿಸುತ್ತದೆ ಮಾರಾಯ್ರೆ.

ಅರ್ಜಿಯ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರಿ ವಿಶ್ವವಿದ್ಯಾಲಯದಡಿಯ ಕಾಲೇಜುಗಳಿಗೆ ಯುಯುಸಿಎಂಎಸ್ ಪೋರ್ಟಲ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ರಿಸಲ್ಟ್ ಬರುವ ಮೊದಲೇ ಹೊಸದು ಮಾಡಿಸಿ. ಜೂನ್‌ನಲ್ಲಿ ನಾಡಕಚೇರಿಯಲ್ಲಿ ಸರದಿ ಉದ್ದ ಇರುತ್ತದೆ. ಇದರ ಜೊತೆಗೆ ಪಾಸ್‌ಪೋರ್ಟಿಗೂ ಈಗಲೇ ಅರ್ಜಿ ಹಾಕಿಬಿಡಿ. ವಿದೇಶಕ್ಕೆ ಹೋಗುವುದು ಆಮೇಲಿನ ಮಾತು. ಆದರೆ ಗಿರಾಕಿಯ ಪಾಸ್‌ಪೋರ್ಟ್ ಹಿಡಿದು ಕೆಲಸ ಮಾಡುವವರು ತಮ್ಮದೊಂದನ್ನು ಮಾಡಿಸಿ ನೋಡಿರಬೇಕು.

ಮೊದಲ ವರ್ಷ: ಥಿಯರಿಯನ್ನು ಊರಿನಲ್ಲೇ ಹುಡುಕಿ

ಮೊದಲೆರಡು ಸೆಮಿಸ್ಟರಿನಲ್ಲಿ ಇತಿಹಾಸ ಮತ್ತು ಥಿಯರಿ ಬರುತ್ತದೆ. 1841ರಲ್ಲಿ ಥಾಮಸ್ ಕುಕ್ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಜನರನ್ನು ಕರೆದೊಯ್ದದ್ದು, 1945ರಲ್ಲಿ ಹುಟ್ಟಿದ ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ, ಮ್ಯಾಡ್ರಿಡ್‌ನಲ್ಲಿರುವ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ, ನಮ್ಮ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಕೆಎಸ್‌ಟಿಡಿಸಿ. ಇದನ್ನು ಹೇಗೂ ಓದುತ್ತೀರಿ. ಮಕ್ಕಳು ಎಡವುವುದು ಮಾಡೆಲ್‌ಗಳಲ್ಲಿ, ಅಂದರೆ ಪ್ರವಾಸೋದ್ಯಮದ ಬಗ್ಗೆ ವಿದ್ವಾಂಸರು ಕಟ್ಟಿದ ಸಿದ್ಧಾಂತಗಳಲ್ಲಿ. ಬಟ್ಲರ್, ಡಾಕ್ಸಿ, ಪ್ಲಾಗ್, ಲೈಪರ್ ಎಂದು ಹೆಸರುಗಳ ಮೆರವಣಿಗೆ. ಚಿತ್ರ ಬಿಡಿಸಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ದಿನವೇ ಮರೆತುಹೋಗುತ್ತದೆ.

ಬಟ್ಲರ್ 1980ರಲ್ಲಿ ಒಂದು ಗ್ರಾಫ್ ಹಾಕಿ ಹೇಳಿದ್ದು ಇಷ್ಟೇ. ಒಂದು ಜಾಗವನ್ನು ಮೊದಲು ಕೆಲವರು ಕಂಡುಹಿಡಿಯುತ್ತಾರೆ. ಆಮೇಲೆ ಊರಿನವರು ಸಣ್ಣ ಅಂಗಡಿ ಇಡುತ್ತಾರೆ. ಆಮೇಲೆ ದೊಡ್ಡ ದುಡ್ಡು ಬರುತ್ತದೆ, ಜಾಗ ತುಂಬಿಹೋಗುತ್ತದೆ. ಕೊನೆಗೆ ಹಳಸುತ್ತದೆ, ಇಲ್ಲವೇ ಹೊಸ ರೂಪ ಪಡೆಯುತ್ತದೆ. ಈಗ ಒಂದು ಭಾನುವಾರ ಸಂಜೆ ಮಲ್ಪೆಗೆ ಹೋಗಿ. ಮೀನುಗಾರರ ದಡದಲ್ಲಿ ಬೋಟಿನವರು, ವಾಟರ್ ಸ್ಪೋರ್ಟ್ಸ್‌ನವರು, ಚುರುಮುರಿಯವರು, ರೆಸಾರ್ಟಿನವರು ಯಾವ ಕ್ರಮದಲ್ಲಿ ಬಂದರು ಎಂದು ಅಲ್ಲಿನ ಹಿರಿಯರೊಬ್ಬರನ್ನು ಕೇಳಿ. ಅದೇ ದಿನ ಸಾಧ್ಯವಾದರೆ ಪಡುಬಿದ್ರಿಗೂ ಹೋಗಿ. ಅಲ್ಲಿನ ಬೀಚಿಗೆ 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಒಂದೇ ಕರಾವಳಿ, ಎರಡು ಬೀಚು, ಎರಡು ಬೇರೆ ಹಂತ. ಇಷ್ಟು ನೋಡಿ ಬಂದವರಿಗೆ ಆ ಗ್ರಾಫ್ ಜನ್ಮದಲ್ಲಿ ಮರೆಯುವುದಿಲ್ಲ.

ಕ್ಯಾರಿಯಿಂಗ್ ಕೆಪಾಸಿಟಿ, ಅಂದರೆ ಒಂದು ಜಾಗ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂಬ ಲೆಕ್ಕಕ್ಕೆ ಸೇಂಟ್ ಮೇರೀಸ್ ದ್ವೀಪಕ್ಕಿಂತ ಒಳ್ಳೆಯ ಪಾಠ ಸಿಗದು. ಲಾವಾ ತಣಿದು ಕಂಬಗಳಂತೆ ನಿಂತ ಆ ಬಂಡೆಗಳನ್ನು 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. ಜಾಗ ಚಿಕ್ಕದು, ಹೋಗುವ ದಾರಿ ಬೋಟು ಮಾತ್ರ, ಮಳೆಗಾಲದಲ್ಲಿ ಅದೂ ಬಂದ್. ಒಂದು ಬೋಟಿನಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಟ್ರಿಪ್, ಒಬ್ಬರು ಸರಾಸರಿ ಎಷ್ಟು ಹೊತ್ತು ಇರುತ್ತಾರೆ, ಶೌಚಾಲಯ ಎಷ್ಟಿದೆ, ಕಸ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳನ್ನು ಹಿಡಿದು ಒಂದು ದಿನ ಅಲ್ಲಿ ಕೂತರೆ ಹತ್ತು ಅಂಕದ ಉತ್ತರ ತಾನಾಗಿಯೇ ಸಿಗುತ್ತದೆ.

ಡಾಕ್ಸಿ ಹೇಳುವುದು ಊರಿನವರ ಮನಸ್ಸಿನ ಬಗ್ಗೆ. ಮೊದಲು ಖುಷಿ, ಆಮೇಲೆ ಉದಾಸೀನ, ಆಮೇಲೆ ಕಿರಿಕಿರಿ, ಕೊನೆಗೆ ಸಿಟ್ಟು. ಇದಕ್ಕೆ ಉಡುಪಿ ರಥಬೀದಿಯ ಸುತ್ತ ಇರುವವರನ್ನು ಹಬ್ಬದ ವಾರದಲ್ಲಿ ಮಾತಾಡಿಸಿ. ವ್ಯಾಪಾರಿಯ ಉತ್ತರ ಒಂದು, ಅಲ್ಲೇ ಮನೆ ಇದ್ದು ಗಾಡಿ ನಿಲ್ಲಿಸಲು ಜಾಗ ಸಿಗದವರ ಉತ್ತರ ಇನ್ನೊಂದು. ಎರಡನ್ನೂ ಬರೆದುಕೊಳ್ಳಿ.

ಎರಡನೇ ವರ್ಷ: ಪ್ಯಾಕೇಜ್ ಕಟ್ಟುವ ಲೆಕ್ಕ

ಡಿಗ್ರಿಯ ಹೃದಯ ಇಲ್ಲಿದೆ. ಇಂಟರ್ನ್‌ಶಿಪ್‌ಗೆ ಬರುವವರಿಗೆ ನಾನು ಮೊದಲ ದಿನ ಕೊಡುವ ಕೆಲಸವೂ ಇದೇ. ಇಪ್ಪತ್ತು ಜನರ ಗುಂಪಿಗೆ ಎರಡು ದಿನದ ಮಂಗಳೂರು-ಉಡುಪಿ ಪ್ರವಾಸಕ್ಕೆ ತಲೆಗೆ ಎಷ್ಟು ಎಂದು ಹೇಳಬೇಕು. ಹೆಚ್ಚಿನವರು ಎಲ್ಲ ಖರ್ಚು ಕೂಡಿಸಿ ಇಪ್ಪತ್ತರಿಂದ ಭಾಗಿಸಿ ಕೊಡುತ್ತಾರೆ. ಅಲ್ಲೇ ಎಡವುವುದು.

ಖರ್ಚನ್ನು ಎರಡು ರಾಶಿ ಮಾಡಿ. ಒಬ್ಬರು ಬಂದರೂ ಇಪ್ಪತ್ತು ಜನ ಬಂದರೂ ಬದಲಾಗದ್ದು ಒಂದು ರಾಶಿ, ತಲೆ ಲೆಕ್ಕದಲ್ಲಿ ಏರುವುದು ಇನ್ನೊಂದು. ಅಭ್ಯಾಸಕ್ಕೆ ನಾನೇ ಹಾಕಿದ ಅಂಕಿಗಳನ್ನು ನೋಡಿ. ಮಿನಿ ಬಸ್ ಎರಡು ದಿನಕ್ಕೆ 22,000 ರೂಪಾಯಿ, ಗೈಡ್ 5,000, ಡ್ರೈವರ್ ಬಾಟಾ 1,000, ಟೋಲ್ ಮತ್ತು ಪಾರ್ಕಿಂಗ್ 2,000. ಒಟ್ಟು 30,000. ಇದು ಮೊದಲ ರಾಶಿ. ಎರಡನೆಯದರಲ್ಲಿ ಇಬ್ಬರಿಗೊಂದು ರೂಮಿನಂತೆ ತಲೆಗೆ 1,100, ಊಟ ತಿಂಡಿ 800, ಬೋಟು ಮತ್ತು ಪ್ರವೇಶ ಶುಲ್ಕ 500. ಒಟ್ಟು 2,400.

ಇಪ್ಪತ್ತು ಜನ ಬಂದರೆ ಮೊದಲ ರಾಶಿಯ ಪಾಲು ತಲೆಗೆ 1,500. ಅದಕ್ಕೆ 2,400 ಸೇರಿಸಿದರೆ 3,900. ಲಾಭ 500 ಇಟ್ಟು 4,400ಕ್ಕೆ ಮಾರಿದಿರಿ ಅನ್ನಿ. ಇಪ್ಪತ್ತು ಜನ ಬಂದರೆ 10,000 ಉಳಿಯಿತು, ಸಂತೋಷ. ಆದರೆ ಹೊರಡುವ ಹಿಂದಿನ ದಿನ ಎಂಟು ಜನ ಕೈಕೊಟ್ಟರೆ? ಹನ್ನೆರಡು ಜನರಿಗೆ ಹಂಚಿದಾಗ ಬಸ್ಸು-ಗೈಡ್ ಪಾಲು 2,500 ಆಗುತ್ತದೆ. ನಿಮ್ಮ ಖರ್ಚು ತಲೆಗೆ 4,900, ಸಿಕ್ಕಿದ್ದು 4,400. ಹನ್ನೆರಡು ಜನರನ್ನು ನಗುನಗುತ್ತಾ ಸುತ್ತಿಸಿ 6,000 ರೂಪಾಯಿ ಕೈಯಿಂದ ಹಾಕಿದಂತಾಯಿತು.

ಹಾಗಾದರೆ ಎಷ್ಟು ಜನ ಬಂದರೆ ನಷ್ಟವಿಲ್ಲ? ತಲೆಗೆ ಸಿಗುವ 4,400ರಲ್ಲಿ 2,400 ಕಳೆದರೆ 2,000 ಉಳಿಯುತ್ತದೆ. 30,000ವನ್ನು 2,000ದಿಂದ ಭಾಗಿಸಿ. ಹದಿನೈದು. ಆಫೀಸಿನಲ್ಲಿ ಮೊದಲು ಕೇಳುವ ಸಂಖ್ಯೆ ಇದು. ಹದಿನೈದು ಬುಕಿಂಗ್ ಆಗುವವರೆಗೆ ಟೂರ್ ಹೊರಡುತ್ತದೆ ಎಂದು ಯಾರಿಗೂ ಮಾತು ಕೊಡುವಂತಿಲ್ಲ. ರದ್ದು ಮಾಡಿದರೆ ಎಷ್ಟು ದುಡ್ಡು ವಾಪಸ್ ಎಂಬ ನಿಯಮ ಎಲ್ಲಿಂದ ಹುಟ್ಟುತ್ತದೆ ಎಂದೂ ಈಗ ಗೊತ್ತಾಯಿತು ಅಲ್ವಾ? ಟೂರ್ ಆಪರೇಟರ್ ಸೇವೆಯ ಮೇಲೆ 5% ಜಿಎಸ್‌ಟಿ ಬೇರೆ ಇದೆ. 4,400ಕ್ಕೆ 220 ಸೇರಿ ಬಿಲ್ಲು 4,620 ಆಗುತ್ತದೆ. ತೆರಿಗೆ ಸೇರಿದ ದರವೋ ಸೇರದ ದರವೋ ಎಂಬುದನ್ನು ಕೊಟೇಶನ್‌ನಲ್ಲಿ ಬರೆಯದೆ ಬಿಟ್ಟರೆ ಜಗಳ ಗ್ಯಾರಂಟಿ. ಡ್ರೈವರ್ ಮತ್ತು ಗೈಡ್ ಊಟ ಯಾರ ಲೆಕ್ಕ ಎಂದು ಕೂಡ ಬರೆದಿಡಿ.

ದುಡ್ಡಿನ ಲೆಕ್ಕದಷ್ಟೇ ಗಟ್ಟಿ ಇರಬೇಕಾದದ್ದು ಗಡಿಯಾರದ ಲೆಕ್ಕ. ಇದಕ್ಕೆ ಪಣಂಬೂರಿನ ಬಂದರನ್ನು ಹಿಡಿದುಕೊಳ್ಳಿ. ಮಳೆ ಮುಗಿದ ಮೇಲೆ ಬೇಸಿಗೆಯವರೆಗೆ ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ಸಾಮಾನ್ಯವಾಗಿ ಅದೇ ದಿನ ಹೊರಡುತ್ತವೆ. ಹಡಗು ಎಂಟಕ್ಕೆ ಬಂತು, ಐದಕ್ಕೆ ಹೊರಡುತ್ತದೆ ಎಂದುಕೊಳ್ಳಿ. ಬಸ್ಸು ಗೇಟಿನಿಂದ ಹೊರಬೀಳುವಾಗ ಒಂಬತ್ತು. ನಾಲ್ಕಕ್ಕೆ ಎಲ್ಲರೂ ಹಡಗಿನಲ್ಲಿರಬೇಕು, ಅಂದರೆ ಮೂರೂವರೆಗೆ ಬಸ್ಸು ಗೇಟಿನಲ್ಲಿರಬೇಕು. ಕೈಯಲ್ಲಿರುವುದು ಆರೂವರೆ ಗಂಟೆ. ಮೂಡುಬಿದಿರೆಗೆ 1 ಗಂಟೆ 10 ನಿಮಿಷ, ಸಾವಿರ ಕಂಬದ ಬಸದಿಯಲ್ಲಿ 1 ಗಂಟೆ, ಕಾರ್ಕಳಕ್ಕೆ 40 ನಿಮಿಷ, ಗೊಮ್ಮಟ ಬೆಟ್ಟ ಹತ್ತಿ ಇಳಿಯಲು 1 ಗಂಟೆ, ಊಟಕ್ಕೆ 1 ಗಂಟೆ, ಪಡುಬಿದ್ರಿ ಮೇಲಾಗಿ ಹೈವೇ 66 ಹಿಡಿದು ವಾಪಸ್ ಬರಲು ಒಂದೂವರೆ ಗಂಟೆ. ಕೂಡಿಸಿದರೆ 6 ಗಂಟೆ 20 ನಿಮಿಷ. ಉಳಿದದ್ದು ಹತ್ತು ನಿಮಿಷ! ಸುರತ್ಕಲ್ ಹತ್ತಿರ ಒಂದು ಲಾರಿ ಅಡ್ಡ ನಿಂತರೆ ಹಡಗು ಕಾಯುವುದಿಲ್ಲ. ತಿಳಿದವರು ಇಲ್ಲಿ ಕಾರ್ಕಳ ಬಿಡುತ್ತಾರೆ. ಮೂಡುಬಿದಿರೆ ನೋಡಿಸಿ, ಗೇರುಬೀಜದ ಕಾರ್ಖಾನೆ ಅಥವಾ ಸಂತ ಅಲೋಶಿಯಸ್ ಚಾಪೆಲ್ ಸೇರಿಸಿ, ಬಂದರಿಗೆ ಹತ್ತಿರವೇ ಇರುತ್ತಾರೆ. ಸಿಲೆಬಸ್‌ನಲ್ಲಿ ಐಟಿನರರಿ ಪ್ಲಾನಿಂಗ್ ಎಂದು ಇರುವುದು ಇದೇ. ಏನನ್ನು ಬಿಡಬೇಕು ಎಂದು ಗೊತ್ತಾಗುವುದು ಏನನ್ನು ಸೇರಿಸಬೇಕು ಎನ್ನುವುದಕ್ಕಿಂತ ಕಷ್ಟ.

ಇಂಥ ಹಾಳೆಗಳನ್ನು ನೀವೇ ಮಾಡಿ ಇಟ್ಟುಕೊಳ್ಳಿ. ಒಂದು ಶಾಲಾ ಮಕ್ಕಳಿಗೆ, ಒಂದು ಹಿರಿಯ ನಾಗರಿಕರಿಗೆ, ಒಂದು ಮಳೆಗಾಲಕ್ಕೆ. ಮಳೆಗಾಲದ್ದರಲ್ಲಿ ಬೋಟು ಇಲ್ಲ, ಕಡಲಿಗೆ ಇಳಿಯುವಂತಿಲ್ಲ, ಗುಡ್ಡ ಕುಸಿದರೆ ಘಾಟಿ ಬಂದ್. ಅದಕ್ಕೆ ಪ್ರತಿ ದಿನಕ್ಕೂ ಬದಲಿ ಕಾರ್ಯಕ್ರಮ ಬರೆದಿರಬೇಕು.

ಟಿಕೆಟಿಂಗ್

ಇದು ಅಭ್ಯಾಸದ ವಿದ್ಯೆ. ವಿಮಾನ ನಿಲ್ದಾಣಗಳ ಮೂರಕ್ಷರದ ಕೋಡ್‌ಗಳನ್ನು ದಿನಕ್ಕೆ ಹತ್ತರಂತೆ ಕಲಿಯಿರಿ. ಮಂಗಳೂರಿಗೆ ಐಎಕ್ಸ್‌ಇ, ಬೆಂಗಳೂರಿಗೆ ಬಿಎಲ್‌ಆರ್, ದುಬೈಗೆ ಡಿಎಕ್ಸ್‌ಬಿ. ಅಮೆಡಿಯಸ್, ಗೆಲಿಲಿಯೋ, ಸೇಬರ್ ಇವು ಏಜೆಂಟರು ಬಳಸುವ ರಿಸರ್ವೇಶನ್ ವ್ಯವಸ್ಥೆಗಳು. ಒಂದನ್ನು ಚೆನ್ನಾಗಿ ಕಲಿತರೆ ಇನ್ನೊಂದು ಬೇಗ ಕೈಗೆ ಬರುತ್ತದೆ. ಕಾಲೇಜಿನಲ್ಲಿ ಇಲ್ಲದಿದ್ದರೆ ರಜೆಯಲ್ಲಿ ಒಂದು ಟ್ರಾವೆಲ್ ಆಫೀಸಿನಲ್ಲಿ ಕೂತು ಕಲಿಯಬಹುದು.

ಸಮಯ ವಲಯದ ಲೆಕ್ಕ ಪರೀಕ್ಷೆಗೂ ಬರುತ್ತದೆ, ಕೌಂಟರಿನಲ್ಲೂ ಬರುತ್ತದೆ. ಭಾರತ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ದುಬೈ ನಾಲ್ಕು ಗಂಟೆ ಮುಂದೆ. ವಿಮಾನ ಇಲ್ಲಿಂದ ಬೆಳಿಗ್ಗೆ 6ಕ್ಕೆ ಹೊರಟು ಅಲ್ಲಿ 8ಕ್ಕೆ ಇಳಿಯಿತು ಎಂದರೆ ಪ್ರಯಾಣ ಎರಡು ಗಂಟೆಯದ್ದಲ್ಲ. ಅಲ್ಲಿನ 8 ಅಂದರೆ ಇಲ್ಲಿನ ಒಂಬತ್ತೂವರೆ. ಹಾಗಾಗಿ ಮೂರೂವರೆ ಗಂಟೆ. ಗಲ್ಫ್‌ನಲ್ಲಿ ಮಗ ಇರುವ ತಾಯಿಯೊಬ್ಬರು ಕೌಂಟರಿನಲ್ಲಿ ಇದನ್ನೇ ಕೇಳುತ್ತಾರೆ, ಆಗ ತಡವರಿಸಬಾರದು.

ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಟಿಕೆಟಿನಲ್ಲಿ ಇರಬೇಕು. ನಮ್ಮ ಕಡೆಯ ಉದ್ದ ಹೆಸರು, ಮನೆತನದ ಹೆಸರು, ಇನಿಶಿಯಲ್‌ಗಳಲ್ಲಿ ಇದು ದೊಡ್ಡ ತಲೆನೋವು. ರೈಲಿನ ವಿಷಯದಲ್ಲೂ ನಮ್ಮ ಊರು ಒಂದು ಒಗಟು. ಮಂಗಳೂರಿನ ಸುತ್ತ ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ, ತೋಕೂರಿನಿಂದ ಆಚೆ ಕೊಂಕಣ ರೈಲ್ವೆ, ಹೀಗೆ ಮೂರು ಸೇರುತ್ತವೆ. ಯಾವ ರೈಲು ಸೆಂಟ್ರಲ್‌ಗೆ ಬರುತ್ತದೆ, ಯಾವುದು ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗುತ್ತದೆ ಎಂದು ಗೊತ್ತಿಲ್ಲದವರು ಗಿರಾಕಿಯನ್ನು ತಪ್ಪು ಸ್ಟೇಷನ್‌ಗೆ ಕಳಿಸಿಬಿಡುತ್ತಾರೆ.

ಮಾತು

ತುಳು, ಕೊಂಕಣಿ, ಬ್ಯಾರಿ, ಕನ್ನಡ, ಹಿಂದಿ, ಇಂಗ್ಲಿಷ್, ಸ್ವಲ್ಪ ಮಲಯಾಳಂ. ಮಂಗಳೂರಿನ ಮಕ್ಕಳಿಗೆ ಮೂರ್ನಾಲ್ಕು ಭಾಷೆ ಸುಮ್ನೆ ಬಂದಿರುತ್ತದೆ, ಅದನ್ನು ಬಯೋಡಾಟಾದಲ್ಲಿ ಬರೆಯಲು ಮಾತ್ರ ನಾಚಿಕೆ. ಬರೆಯಿರಿ. ಇನ್ನೊಂದು ವಿದೇಶಿ ಭಾಷೆ ಕಲಿಯುವುದಾದರೆ ಒಂದನ್ನೇ ಹಿಡಿದು ಮಾತಾಡುವ ಮಟ್ಟಕ್ಕೆ ತನ್ನಿ. ‘ಬೇಸಿಕ್ ಫ್ರೆಂಚ್, ಬೇಸಿಕ್ ಜರ್ಮನ್’ ಎಂದು ಬರೆದುಕೊಂಡು ಬಂದವರಿಂದ ಕೌಂಟರಿಗೆ ಉಪಯೋಗ ಇಲ್ಲ.

ಗೈಡ್ ಮಾತು ಕಲಿಯಲು ಒಂದು ಜಾಗ ಆರಿಸಿ ಐದು ನಿಮಿಷದ ಮಾತು ತಯಾರು ಮಾಡಿ. ಮೂಡುಬಿದಿರೆಯ ಬಸದಿ 1430ರದ್ದು. ಕಾರ್ಕಳದ ಗೊಮ್ಮಟ 1432ರದ್ದು, 42 ಅಡಿ ಎತ್ತರ. ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಇಟಲಿಯ ಜೆಸ್ವಿಟ್ ಅಂತೋನಿಯೋ ಮೊಸ್ಕೇನಿ 1899ರಿಂದ ಬಿಡಿಸಿದರು. ಇಸವಿ ಇಷ್ಟು ಸಾಕು. ಉಳಿದ ಹೊತ್ತಿನಲ್ಲಿ ಪ್ರವಾಸಿಗರನ್ನು ಒಂದು ಕಂಬದ ಮುಂದೆ ನಿಲ್ಲಿಸಿ, ಪಕ್ಕದ್ದಕ್ಕಿಂತ ಇದು ಹೇಗೆ ಬೇರೆ ಎಂದು ನೋಡಲು ಬಿಡಿ. ಐತಿಹ್ಯವನ್ನು ಐತಿಹ್ಯ ಎಂದೇ ಹೇಳಿ. ವಾಸ್ಕೋ ಡ ಗಾಮ ಸೇಂಟ್ ಮೇರೀಸ್‌ಗೆ ಬಂದಿದ್ದ ಎನ್ನುವುದು ಜನ ಹೇಳುವ ಕಥೆ, ಅದನ್ನು ಹಾಗೆಯೇ ಹೇಳಿದರೆ ಯಾರೂ ಬೇಸರ ಪಡುವುದಿಲ್ಲ. ಬಸದಿಯಲ್ಲಿ ಚಪ್ಪಲಿ ಬಿಡಬೇಕು, ಏಪ್ರಿಲ್ ಮಧ್ಯಾಹ್ನದ ಕಲ್ಲು ಕಾಲು ಸುಡುತ್ತದೆ. ಕಾಲುಚೀಲ ಇಟ್ಟುಕೊಳ್ಳಿ ಎಂದು ಬಸ್ಸಿನಲ್ಲೇ ಹೇಳುವ ಗೈಡ್ ಒಳ್ಳೆಯ ಗೈಡ್.

ಕಷ್ಟದ ಪ್ರಶ್ನೆಗೂ ತಯಾರಿರಿ. ಕಂಬಳದಲ್ಲಿ ಕೋಣಕ್ಕೆ ಹಿಂಸೆ ಆಗುವುದಿಲ್ಲವಾ ಎಂದು ಹೊರಗಿನವರು ಕೇಳಿಯೇ ಕೇಳುತ್ತಾರೆ. ಕಂಬಳಕ್ಕೆ ಅವಕಾಶ ಕೊಟ್ಟ 2017ರ ರಾಜ್ಯದ ಕಾನೂನು ತಿದ್ದುಪಡಿ, ಅದನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು, ಆಕ್ಷೇಪ ಮಾಡುವವರ ವಾದ, ಮೂರೂ ಗೊತ್ತಿರಲಿ. ಭೂತಕೋಲದ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್. ಅದನ್ನು ‘ಶೋ’ ಎಂದು ಪ್ಯಾಕೇಜಿನಲ್ಲಿ ಹಾಕಬೇಡಿ. ಮನೆಯವರು, ಊರಿನವರು ಒಪ್ಪಿ ಕರೆದರೆ ಮಾತ್ರ ಅತಿಥಿಗಳನ್ನು ಕರೆದುಕೊಂಡು ಹೋಗಿ, ಫೋಟೊಗೂ ಕೇಳಿಯೇ ಅನುಮತಿ ಪಡೆಯಿರಿ.

ಡಿಗ್ರಿ ಇದ್ದ ಮಾತ್ರಕ್ಕೆ ಗೈಡ್ ಆಗುವುದಿಲ್ಲ. ರಾಜ್ಯ ಪ್ರವಾಸೋದ್ಯಮ ಇಲಾಖೆ ಗೈಡ್‌ಗಳಿಗೆ ತರಬೇತಿ ಮತ್ತು ಗುರುತಿನ ಚೀಟಿ ಕೊಡುತ್ತದೆ. ಕೇಂದ್ರ ಸಚಿವಾಲಯದ ಟೂರಿಸ್ಟ್ ಫೆಸಿಲಿಟೇಟರ್ ಕೋರ್ಸನ್ನು ಆನ್‌ಲೈನ್‌ನಲ್ಲೇ ಮಾಡಬಹುದು. ಓದುವಾಗಲೇ ವಿಚಾರಿಸಿಡಿ.

ಇಂಟರ್ನ್‌ಶಿಪ್ ಯಾವಾಗ?

ವಿಶ್ವವಿದ್ಯಾಲಯದ ಕ್ಯಾಲೆಂಡರ್ ಮತ್ತು ಕರಾವಳಿಯ ಸೀಸನ್ ಒಂದಕ್ಕೊಂದು ಹೊಂದುವುದಿಲ್ಲ. ನವೆಂಬರ್‌ನಿಂದ ಕಂಬಳ, ಯಕ್ಷಗಾನ ಮೇಳ, ಹಡಗು, ಮದುವೆ ಗುಂಪು, ಶಾಲಾ ಪ್ರವಾಸ ಎಲ್ಲ ಒಟ್ಟಿಗೆ ಶುರು. ಮೇ ಕೊನೆಗೆ ಪತ್ತನಾಜೆ ಕಳೆದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿಯುತ್ತದೆ. ಕಾಲೇಜು ಇಂಟರ್ನ್‌ಶಿಪ್‌ಗೆ ಕಳಿಸುವುದು ಜೂನ್, ಜುಲೈಯಲ್ಲಾದರೆ ಆಫೀಸಿನಲ್ಲಿ ನೊಣ ಹೊಡೆಯುವುದೇ ಕೆಲಸ. ಸಾಧ್ಯವಾದರೆ ಡಿಸೆಂಬರ್ ರಜೆಯಲ್ಲೋ ಏಪ್ರಿಲ್, ಮೇಯಲ್ಲೋ ಮಾಡಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಪ್ಯಾಕೇಜ್ ವಿಭಾಗ ಬಿಟ್ಟು ಟಿಕೆಟಿಂಗ್, ವೀಸಾ ಡೆಸ್ಕ್ ಕೇಳಿ. ಗಲ್ಫ್ ಓಡಾಟಕ್ಕೆ ಮಳೆ ಬಿಸಿಲು ಇಲ್ಲ.

ಮನೆಯ ಹತ್ತಿರದ್ದು ಎಂದು ಮಾತ್ರ ಜಾಗ ಆರಿಸಬೇಡಿ. ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಎಲ್ಲ ಕೆಲಸವೂ ಕಣ್ಣಿಗೆ ಬೀಳುತ್ತದೆ, ಕೆಲವೊಮ್ಮೆ ಕೈಗೂ ಬೀಳುತ್ತದೆ. ದೊಡ್ಡ ಕಡೆ ಹೆಸರು ಸಿಗುತ್ತದೆ, ಆದರೆ ತಿಂಗಳಿಡೀ ಒಂದೇ ಎಕ್ಸೆಲ್ ಹಾಳೆ ತುಂಬಿಸುತ್ತಾ ಕೂರಬೇಕಾಗಬಹುದು. ಮೊದಲನೆಯದು ಸಣ್ಣ ಕಡೆ, ಎರಡನೆಯದು ದೊಡ್ಡ ಕಡೆ ಮಾಡುವುದು ಒಳ್ಳೆಯದು ಎಂದು ನನಗೆ ಅನಿಸುತ್ತದೆ. ದಿನದ ಕೊನೆಗೆ ಐದು ಸಾಲು ಬರೆಯಿರಿ. ಯಾವ ಗಿರಾಕಿ ಏನು ಕೇಳಿದರು, ಯಾವ ದೂರು ಬಂತು, ಹಿರಿಯರು ಹೇಗೆ ಸಮಾಧಾನ ಮಾಡಿದರು. ವರದಿ ಬರೆಯುವಾಗ ಇಂಟರ್‌ನೆಟ್‌ನಿಂದ ಕಂಪನಿಯ ಇತಿಹಾಸ ತಂದು ತುಂಬುವ ಗತಿ ಬರುವುದಿಲ್ಲ.

ಪ್ರಾಜೆಕ್ಟ್ ವರದಿ

‘ಕರ್ನಾಟಕದ ಪ್ರವಾಸೋದ್ಯಮ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಕಂಡರೆ ಪರೀಕ್ಷಕರು ಮೊದಲ ಪುಟದಲ್ಲೇ ಸುಸ್ತಾಗುತ್ತಾರೆ. ವಿಷಯ ಸಣ್ಣದಿರಲಿ. ಸಸಿಹಿತ್ಲಿನಲ್ಲಿ ಸರ್ಫಿಂಗ್ ಬಂದ ಮೇಲೆ ಊರಿನವರಿಗೆ ಸಿಕ್ಕ ಕೆಲಸಗಳು. ಒಂದು ಹೋಮ್‌ಸ್ಟೇಯಲ್ಲಿ ಅತಿಥಿ ಕೊಟ್ಟ ನೂರು ರೂಪಾಯಿ ಊರಿನೊಳಗೆ ಎಷ್ಟು ಉಳಿಯುತ್ತದೆ, ಬುಕಿಂಗ್ ಆ್ಯಪ್ ಕಮಿಷನ್ ಆಗಿ ಎಷ್ಟು ಹೊರಗೆ ಹೋಗುತ್ತದೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಪರ್ಯಾಯದ ದಿನ ಪಾರ್ಕಿಂಗ್ ಹೇಗೆ ನಡೆಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕಕ್ಕೆ ಒಂದು ಸಣ್ಣ ಊರು ಹೇಗೆ ತಯಾರಾಗುತ್ತದೆ. ವೇಣೂರಿನಲ್ಲಿ ಅದು 2024ರಲ್ಲಿ ಆಯಿತು, ಕಾರ್ಕಳದಲ್ಲಿ 2015ರಲ್ಲಿ ಆಗಿತ್ತು. ಕೆಲಸ ಮಾಡಿದ ಜನ ಇನ್ನೂ ಊರಲ್ಲೇ ಇದ್ದಾರೆ, ಮಾತಾಡಿಸಬಹುದು.

ಪ್ರಶ್ನಾವಳಿಯನ್ನು ಗೂಗಲ್ ಫಾರ್ಮ್‌ನಲ್ಲಿ ಗೆಳೆಯರಿಗೆ ಕಳಿಸಿ ಮುಗಿಸಬೇಡಿ. ಗೆಳೆಯರು ಪ್ರವಾಸಿಗರಲ್ಲ. ಪ್ರಶ್ನೆ ಕಡಿಮೆ ಇರಲಿ, ಜಾಗಕ್ಕೆ ಹೋಗಿ ಕೇಳಿ, ತುಳುವಿನಲ್ಲಿ ಕೇಳಿದರೆ ಉತ್ತರ ಇನ್ನೂ ಉದ್ದ ಬರುತ್ತದೆ.

ಕೆಲಸ ಹುಡುಕುವಾಗ

ವಿಮಾನ ನಿಲ್ದಾಣದ ಗ್ರೌಂಡ್ ಸ್ಟಾಫ್, ಟಿಕೆಟಿಂಗ್ ಕೌಂಟರ್, ವೀಸಾ ಡೆಸ್ಕ್, ಟೂರ್ ಆಪರೇಟರ್ ಆಫೀಸು, ರೆಸಾರ್ಟ್ ಫ್ರಂಟ್ ಆಫೀಸ್, ಈವೆಂಟ್ ಕಂಪನಿ. ಊರಲ್ಲೇ ಇರುವವರಿಗೆ ಶುರುವಿನ ಬಾಗಿಲು ಇವು. ಕಲಿಸುವ ಆಸೆ ಇದ್ದರೆ ಮಾಸ್ಟರ್ಸ್ ಮುಗಿಸಿ ಯುಜಿಸಿ ನೆಟ್ ಬರೆಯಿರಿ, ಅದರಲ್ಲಿ ಪ್ರವಾಸೋದ್ಯಮ ಪ್ರತ್ಯೇಕ ವಿಷಯವಾಗಿಯೇ ಇದೆ. ಮನೆ, ತೋಟ ಇದ್ದವರು ಹೋಮ್‌ಸ್ಟೇ ಮಾಡಬಹುದು, ಅದಕ್ಕೆ ಇಲಾಖೆಯಲ್ಲಿ ನೋಂದಣಿ ಬೇಕು.

ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆಗೆ ನೀವೇ ಮಾಡಿದ ಎರಡು ಕಾಸ್ಟಿಂಗ್ ಹಾಳೆ, ಒಂದು ಐಟಿನರರಿ ತೆಗೆದುಕೊಂಡು ಹೋಗಿ. ಫೈಲು ತೆರೆದು ತೋರಿಸಿ, ‘ಇದರಲ್ಲಿ ಹದಿನೈದು ಜನ ಬಂದರೆ ನಷ್ಟ ಇಲ್ಲ ಸರ್’ ಎನ್ನುವ ಹುಡುಗಿಯನ್ನು ಯಾವ ಆಫೀಸಿನವರೂ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಸಂಬಳದ ಮಾತು ಬಂದಾಗ ಇನ್ನೆರಡು ವಿಷಯ ಕೇಳಿ. ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಯಲ್ಲಿ ಡ್ಯೂಟಿ ಇರುತ್ತದೆ, ಅದಕ್ಕೆ ಬದಲಿ ರಜೆ ಯಾವ ತಿಂಗಳು ಕೊಡುತ್ತಾರೆ? ಬೆಳಗಿನ ಜಾವದ ಶಿಫ್ಟಿಗೆ ಬಜ್ಪೆಗೋ ಬಂದರಿಗೋ ಹೋಗಬೇಕಾದರೆ ಗಾಡಿ ಕಂಪನಿಯದ್ದಾ, ನಿಮ್ಮದಾ? ಮೊದಲ ಸಿಟಿ ಬಸ್ ಬರುವ ಹೊತ್ತಿಗೆ ನಿಮ್ಮ ಗುಂಪು ಚೆಕ್‌ಇನ್ ಮುಗಿಸಿರುತ್ತದೆ.